ಕೆರೆಯ ಗೋಡು, ನಾಲೆಯ ನೀರು, ಜಲಾಶಯದ ಪಾಚಿ: ಶಿಂಷಾ ಬಯಲಿನ ಜಲಚರಿತ್ರೆಯಲ್ಲೊಂದು ವಿಚಾರ

೧. ಪೀಠಿಕೆ

ಮದ್ದೂರಿನ ಪಕ್ಕದಲ್ಲಿರುವ ಶಿವಪುರವು ನಮ್ಮ ನಾಡಿನ ಚರಿತ್ರೆಯಲ್ಲಿ ಹೆಸರಾದುದು ೧೯೩೮ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಅಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನವು ಸಂಸ್ಥಾನದ ಸರ್ಕಾರದ ನಿಷೇಧವನ್ನು ಲಕ್ಷಿಸದೆ ರಾಷ್ಟ್ರಧ್ವಜವನ್ನು ಏರಿಸಿತು. ಈ ಸಂಗತಿಯನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಅದನ್ನು ಮತ್ತೆ ನಿರೂಪಿಸುವುದು ಪ್ರಕೃತ ಪ್ರಬಂಧದ ಉದ್ದೇಶವಲ್ಲ. ಆ ಅಧಿವೇಶನಕ್ಕೆ ಬಂದು ನೆರೆದ ರೈತರು ಯಾವ ನೀರಿನಿಂದ ಬೆಳೆ ತೆಗೆಯುತ್ತಿದ್ದರು, ಆ ನೀರಿನೊಡನೆ ನೆಲದ ಸಾರವು ಎಲ್ಲಿಗೆ ಹರಿದುಹೋಗುತ್ತಿತ್ತು, ಹರಿದುಹೋದುದು ಮರಳಿ ಬರುತ್ತಿತ್ತೆ ಎಂಬ ಪ್ರಶ್ನೆಗಳನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ಪ್ರಶ್ನೆಗಳು ಕೇವಲ ಪುರಾತನ ವಿಷಯದ ಕುತೂಹಲದಿಂದ ಹುಟ್ಟಿದವಲ್ಲ. ಕೆರೆ ಜಲಾಶಯಗಳ ನೀರು ಹಸಿರುಗಟ್ಟುವುದು, ಅಂತರಗಂಗೆ ಹಬ್ಬಿ ನೀರೇ ಕಾಣದಂತಾಗುವುದು, ಒಂದು ಬೆಳಗ್ಗೆ ಮೀನುಗಳು ಸತ್ತು ತೇಲುವುದು, ಇವು ಈಗ ಕರ್ನಾಟಕದ ಅನೇಕ ಕಡೆಗಳಲ್ಲಿ ಜನರು ಕಂಡು ಬಲ್ಲ ಸಂಗತಿಗಳಾಗಿವೆ. ಇದಕ್ಕೆ ವಿಜ್ಞಾನಿಗಳು ಪೋಷಕಾಂಶಗಳ ಮಾಲಿನ್ಯವೆಂದು ಹೆಸರಿಟ್ಟಿದ್ದಾರೆ. ರಸಾಯನಶಾಸ್ತ್ರಜ್ಞರೂ ಸಸ್ಯಶಾಸ್ತ್ರಜ್ಞರೂ ಇದನ್ನು ವಿಶೇಷವಾಗಿ ಪರಿಶೀಲಿಸಿರುವರು. ಆದರೆ ಈ ವಿಷಯಕ್ಕೆ ಒಂದು ಚರಿತ್ರೆಯೂ ಉಂಟೆಂಬುದು, ಆ ಚರಿತ್ರೆಯನ್ನು ತಿಳಿಯದೆ ಪರಿಹಾರವನ್ನು ಯೋಚಿಸುವುದು ಅಪೂರ್ಣವೆಂಬುದು ನಮ್ಮ ಅಭಿಪ್ರಾಯ.

ನಾವು ಪ್ರತಿಪಾದಿಸಬೇಕೆಂದಿರುವುದು ಇಷ್ಟು: ಹಿಂದಿನ ಕೆರೆಯ ವ್ಯವಸ್ಥೆಯಲ್ಲಿ ಹೊಲದಿಂದ ನೀರಿಗೆ ಹೋದ ಸಾರದ ಒಂದು ಭಾಗಕ್ಕೆ ಮರಳಿ ಹೊಲವನ್ನು ಸೇರುವ ದಾರಿಯಿತ್ತು, ನಾಲೆಯ ವ್ಯವಸ್ಥೆಯಲ್ಲಿ ಆ ದಾರಿ ಮುಚ್ಚಿಹೋಯಿತು. ಈಚೆಗೆ ವಿಶ್ವವಿದ್ಯಾನಿಲಯಗಳಲ್ಲಿ ನಡೆದಿರುವ ಸಂಶೋಧನೆಯು ಬೇರೆ ಮಾರ್ಗದಿಂದ ಹೊರಟು, ಆ ಮರಳುವ ದಾರಿಯನ್ನೇ ಮತ್ತೆ ಹುಡುಕುತ್ತಿದೆ.

೨. ಅತಿಪೋಷಣೆಯೆಂದರೇನು

ಇತಿಹಾಸದ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಮೊದಲು ವಿಷಯದ ವೈಜ್ಞಾನಿಕ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಗಿಡಕ್ಕೆ ಬೇಕಾದ ಆಹಾರಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷು ಮುಖ್ಯವಾದವು. ಇವುಗಳಲ್ಲಿ ಯಾವುದು ಅತ್ಯಂತ ಕಡಿಮೆಯೋ ಅದೇ ಬೆಳವಣಿಗೆಯ ಮೇರೆಯನ್ನು ನಿಶ್ಚಯಿಸುತ್ತದೆಂಬ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗನು ಪ್ರಚಾರಕ್ಕೆ ತಂದನು. ಸಿಹಿನೀರಿನ ಕೆರೆಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗಿರುವುದು ರಂಜಕ. ಆದುದರಿಂದ ರಂಜಕವು ಹೆಚ್ಚಾಗಿ ಬಂದು ಸೇರಿದೊಡನೆ ಪಾಚಿಯು ಅತಿಶಯವಾಗಿ ಬೆಳೆಯುತ್ತದೆ. ಬೆಳೆದುದು ಸತ್ತು ತಳಕ್ಕಿಳಿದು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ವ್ಯಯವಾಗುತ್ತದೆ. ಮೀನಿಗೆ ಉಸಿರು ಸಿಕ್ಕದಂತಾಗುತ್ತದೆ. ನೀಲಿಹಸಿರು ಪಾಚಿಯ ಕೆಲವು ಜಾತಿಗಳು ವಿಷವನ್ನೂ ಉತ್ಪತ್ತಿ ಮಾಡುವುದರಿಂದ ಕುಡಿಯುವ ನೀರಿಗೂ ದನಕರುಗಳಿಗೂ ಅಪಾಯವುಂಟು. ಈ ಸ್ಥಿತಿಯನ್ನು ಅತಿಪೋಷಣೆ ಎನ್ನಬಹುದು.

ಇಲ್ಲಿ ಗಮನಿಸತಕ್ಕ ಎರಡು ಅಂಶಗಳಿವೆ. ಮೊದಲನೆಯದು, ಸಾರಜನಕ ಮತ್ತು ರಂಜಕಗಳು ನೀರಿನೊಡನೆ ಹೋಗುವ ರೀತಿ ಒಂದೇ ಅಲ್ಲ. ಸಾರಜನಕವು ನೈಟ್ರೇಟಿನ ರೂಪದಲ್ಲಿ ನೀರಿನಲ್ಲಿ ಕರಗಿ ಅಂತರ್ಜಲಕ್ಕೂ ಹಳ್ಳಕ್ಕೂ ಇಳಿಯುತ್ತದೆ. ಅದರ ಒಂದಂಶ ಗಾಳಿಗೂ ಸೇರುತ್ತದೆ. ರಂಜಕವಾದರೋ ಬಹುಮಟ್ಟಿಗೆ ಜೇಡಿಯ ಕಣಗಳಿಗೆ ಅಂಟಿಕೊಂಡು ಕೊಚ್ಚಿಹೋಗುವ ಮಣ್ಣಿನೊಡನೆಯೇ ಪಯಣಿಸಿ, ನೀರು ನಿಂತಲ್ಲಿ ಹೂಳಾಗಿ ಕುಳಿತುಕೊಳ್ಳುತ್ತದೆ. ಎರಡನೆಯದು, ಹಾಗೆ ಕುಳಿತ ರಂಜಕ ಅಲ್ಲಿಯೇ ಶಾಶ್ವತವಾಗಿ ನಿಲ್ಲುವುದಿಲ್ಲ. ಇಂಗ್ಲೆಂಡಿನ ಸರೋವರಗಳಲ್ಲಿ ಮಾರ್ಟಿಮರನು ನಡೆಸಿ ೧೯೪೧-೪೨ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ತಳದ ಕೆಸರಿನಲ್ಲಿ ಆಮ್ಲಜನಕ ತೀರಿಹೋದಾಗ ಕಬ್ಬಿಣದೊಡನೆ ಬಂಧಿತವಾಗಿದ್ದ ರಂಜಕವು ಬಿಡುಗಡೆಯಾಗಿ ಮತ್ತೆ ನೀರಿಗೆ ಬರುತ್ತದೆಂಬುದು ಸ್ಪಷ್ಟವಾಯಿತು. ಹೊರಗಿನಿಂದ ಬರುವುದು ನಿಂತರೂ ಕೆರೆಯು ತನ್ನ ಹಳೆಯ ಹೂಳಿನಿಂದಲೇ ಬಹುಕಾಲ ಪಾಚಿಯನ್ನು ಬೆಳೆಯಿಸಬಲ್ಲುದು. ಈ ಎರಡು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕೆರೆಗಳ ಚರಿತ್ರೆಯನ್ನು ನೋಡಿದರೆ, ಹಿಂದಿನವರ ಕೆಲವು ಆಚಾರಗಳ ಅರ್ಥವು ಹೊಸದಾಗಿ ಹೊಳೆಯುತ್ತದೆ.

೩. ಕೆರೆಯ ವ್ಯವಸ್ಥೆ

ಶಿಂಷೆಯು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮದ್ದೂರಿನ ಬಳಿ ಹರಿದು, ಮಳವಳ್ಳಿ ಸೀಮೆಯಲ್ಲಿ ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಈ ಬಯಲಿನಲ್ಲಿ ಕೆರೆಯ ಬೇಸಾಯ ಬಹು ಪ್ರಾಚೀನವಾದುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. ೯೪೯-೫೦ರ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಪಕ್ಷದಲ್ಲಿ ಹೋರಾಡಿದ ಮಣಲೇರನು ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದುದನ್ನೂ, ಆ ನಾಯಿ ಹಂದಿಯೊಡನೆ ಸೆಣಸಿ ಸತ್ತುದನ್ನೂ ಅದು ಹೇಳುತ್ತದೆ. ವಿದ್ವಾಂಸರು ಈ ಶಾಸನವನ್ನು ರಾಜಕೀಯ ಚರಿತ್ರೆಗಾಗಿಯೂ ವೀರಗಲ್ಲಿನ ಸ್ವಾರಸ್ಯಕ್ಕಾಗಿಯೂ ಓದಿದ್ದಾರೆ. ನಮಗೆ ಇಲ್ಲಿ ಮುಖ್ಯವಾದುದು ಅದರ ಕೊನೆಯ ಭಾಗ. ಆ ಕಲ್ಲಿನ ಪೂಜೆಗಾಗಿ ಕೊಟ್ಟ ಭೂಮಿಯು ಊರಿನ ಹಿರಿಯ ಕೆರೆಯ ಕೆಳಗಿನ ಎರಡು ಖಂಡುಗದ ನೆಲವೆಂದು ಅದರಿಂದ ವಿದಿತವಾಗುತ್ತದೆ. ಎಂದರೆ ಹತ್ತನೆಯ ಶತಮಾನದ ಮಧ್ಯಭಾಗಕ್ಕೆ ಈ ಪ್ರದೇಶದಲ್ಲಿ ಹಿರಿಯದೆಂದು ಕರೆಯಿಸಿಕೊಳ್ಳುವ ಕೆರೆಯೂ, ಖಂಡುಗದ ಲೆಕ್ಕದಲ್ಲಿ ಅಳೆದ ಅಚ್ಚುಕಟ್ಟೂ ಇದ್ದುವು.

ಕೆರೆಯನ್ನು ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟವೆಂಬುದನ್ನು ಶಾಸನಗಳನ್ನು ಬರೆಯಿಸಿದವರು ಚೆನ್ನಾಗಿ ಅರಿತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಕನ್ನಡನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಅದರ ನೀರಿನಿಂದ ಬೆಳೆಯುವ ಭೂಮಿಯಲ್ಲಿಯೇ ಒಂದು ಪಾಲನ್ನು ಬಿಡುವ ಏರ್ಪಾಡುಗಳಿವು. ಕೆರೆಯ ಹೂಳನ್ನು ಹೊರಲು ಬಂಡಿಗಳನ್ನೂ ಕೋಣಗಳನ್ನೂ ಇಡುವುದಕ್ಕಾಗಿ ದತ್ತಿ ಬಿಟ್ಟ ಶಾಸನಗಳೂ ದೊರೆತಿವೆ. ಬಂಡಿಯೊಂದನ್ನು ವರ್ಷವರ್ಷವೂ ನಡೆಯಿಸಲು ಭೂಮಿಯನ್ನು ಮೀಸಲಿಟ್ಟ ಸಮಾಜವು ಹೂಳನ್ನು ನಿತ್ಯದ ಲೆಕ್ಕದಲ್ಲಿ ಸೇರಿಸಿಕೊಂಡಿತ್ತೆಂದು ಹೇಳಬಹುದು.

ಶಾಸನಗಳ ದೃಷ್ಟಿ ಕೆರೆಯ ಆಳದ ಮೇಲೆ ಇದ್ದರೆ, ರೈತನ ದೃಷ್ಟಿ ಬಂಡಿಯಲ್ಲಿ ಏರಿದ ಮಣ್ಣಿನ ಮೇಲೆ ಇದ್ದಿತು. ಬೇಸಗೆಯಲ್ಲಿ ಕೆರೆ ಬತ್ತಿ ಅಂಗಳ ಬಿರಿದಾಗ ಗೋಡನ್ನು ಅಗೆದು ಹೊಲಕ್ಕೆ ಹೊಡೆಯುವುದು ಹಳೆಯ ಮೈಸೂರಿನ ಸೀಮೆಯಲ್ಲಿ ರೂಢಿಯಾಗಿದ್ದ ಕೆಲಸ. ತಿಪ್ಪೆಯ ಗೊಬ್ಬರ, ಬೂದಿ, ಹೊಂಗೆಸೊಪ್ಪು, ಕುರಿಮಂದೆಯ ಜೊತೆಗೆ ಕೆರೆಗೋಡು ಸಹ ಗೊಬ್ಬರಗಳ ಸಾಲಿಗೆ ಸೇರಿತ್ತು. ರಾಗಿಯ ಕೆಂಪುನೆಲಕ್ಕೆ ಬಿದ್ದ ಗೋಡು ಸಾರವನ್ನು ಕೊಡುವುದಲ್ಲದೆ ತೇವವನ್ನೂ ಹಿಡಿದಿಡುತ್ತದೆ. ಈ ಕೆಲಸದ ವೈಜ್ಞಾನಿಕ ಫಲವನ್ನು ಮೇಲೆ ಹೇಳಿದ ಎರಡು ಅಂಶಗಳಿಂದ ತಿಳಿಯಬಹುದು. ಮಣ್ಣಿಗೆ ಅಂಟಿ ಬಂದ ರಂಜಕವು ಮಣ್ಣಿನೊಡನೆಯೇ ಹಿಂದಿರುಗುತ್ತಿತ್ತು. ತಳವು ವರ್ಷಕ್ಕೊಮ್ಮೆ ಗಾಳಿ ಬಿಸಿಲುಗಳಿಗೆ ತೆರೆದುಕೊಳ್ಳುತ್ತಿದ್ದುದರಿಂದ ಕೆಸರಿಗೆ ಆಮ್ಲಜನಕ ದೊರೆಯುತ್ತಿತ್ತು. ಹೊಲ, ಹಳ್ಳ, ಕೆರೆ, ಬಂಡಿ, ಮತ್ತೆ ಹೊಲ ಎಂಬ ಒಂದು ಸುತ್ತು ಪೂರ್ಣವಾಗುತ್ತಿತ್ತು.

ಆದರೂ ಹಿಂದಿನ ಕಾಲವನ್ನು ಸುವರ್ಣಯುಗವೆಂದು ಭಾವಿಸುವ ತಪ್ಪನ್ನು ಚರಿತ್ರಕಾರನು ಮಾಡಬಾರದು. ಕರಗಿಹೋದ ಸಾರಜನಕವನ್ನು ಯಾವ ಬಂಡಿಯೂ ಹಿಂದಕ್ಕೆ ತರುತ್ತಿರಲಿಲ್ಲ. ಹೂಳು ತುಂಬಿ ಹಾಳಾದ ಕೆರೆಗಳು ಎಲ್ಲ ಕಾಲದಲ್ಲಿಯೂ ಇದ್ದುವು. ರಾಜ್ಯ ಶಿಥಿಲವಾದಾಗ ಕೆರೆಯೂ ಶಿಥಿಲವಾಗುತ್ತಿತ್ತು. ತೂಬು ತೆಗೆಯುವ, ನೀರು ಹಾಯಿಸುವ ನೀರುಗಂಟಿಯ ಕೆಲಸವೂ ಹೂಳೆತ್ತುವ ದುಡಿಮೆಯೂ ಬಹುಮಟ್ಟಿಗೆ ಊರಿನಲ್ಲಿ ಕೀಳೆಂದು ಎಣಿಸಲ್ಪಟ್ಟ ಜಾತಿಗಳ ಮೇಲೆಯೇ ಬಿದ್ದಿತ್ತು. ಕೂಲಿಯಿಲ್ಲದ ಬಿಟ್ಟಿಯ ಪಾಲು ಅದರಲ್ಲಿ ಕಡಿಮೆಯಿರಲಿಲ್ಲ. ಗೋಡು ಬಿದ್ದ ಹೊಲವು ಅದನ್ನು ಅಗೆದವನದಾಗಿರಲಿಲ್ಲ. ಸಾರವು ಹಿಂದಿರುಗುವ ದಾರಿಯನ್ನು ಮೆಚ್ಚುವಾಗ ಆ ದಾರಿಯ ಭಾರವನ್ನು ಹೊತ್ತವರು ಯಾರೆಂಬುದನ್ನು ಮರೆಯಲಾಗದು.

ಈ ವ್ಯವಸ್ಥೆ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಒಂದು ಪ್ರಮಾಣ ಸಾಕು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯು ೧೮೬೬ರಲ್ಲಿ, ಸಂಸ್ಥಾನದ ೨೭,೨೬೯ ಚದರ ಮೈಲಿಗಳಲ್ಲಿ ನೂರಕ್ಕೆ ಸುಮಾರು ೬೦ ಭಾಗವು ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಅಂದಾಜು ಮಾಡಿದ್ದನು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಇಳಿಯುವ ಸರಪಣಿಗಳಲ್ಲಿ, ಮೇಲಿನ ಕೆರೆ ತಡೆದ ಹೂಳು ಕೆಳಗಿನ ಕೆರೆಗೆ ತಲಪುತ್ತಿರಲಿಲ್ಲ.

೪. ನಾಲೆಯ ಆಗಮನ

೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು ೧೯೩೦ರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. ಅದರ ಎಡದಂಡೆಯಿಂದ ಹೊರಟ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನನ ಹೆಸರೂ ಅನಂತರ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೂ ಬಂದುವು. ಹುಲಿಕೆರೆಯ ಬಳಿ ಸುಮಾರು ಒಂದೂಮುಕ್ಕಾಲು ಮೈಲಿಯ ಸುರಂಗವನ್ನು ಹಾಯ್ದು ಈ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಕಾವೇರಿಯ ನೀರನ್ನು ತಂದಿತು. ಕೆನಡಾ ದೇಶದಿಂದ ೧೯೦೮ರಲ್ಲಿ ಮೈಸೂರಿಗೆ ಬಂದು ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ಅದೇ ದಶಕದ ಕೊನೆಯಲ್ಲಿ ಕೃಷ್ಣರಾಜಸಾಗರಕ್ಕೆ ಸಮೀಪದ ಬೆಳಗೊಳದಲ್ಲಿ ರಸಗೊಬ್ಬರದ ಕಾರ್ಖಾನೆಯೂ ಹುಟ್ಟಿತು. ೧೯೩೯ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಹತ್ತು ವರ್ಷಗಳ ಒಳಗೆ ಕಟ್ಟೆ, ನಾಲೆ, ಕಬ್ಬು, ಕಾರ್ಖಾನೆ, ಗೊಬ್ಬರ ಈ ಐದೂ ಒಂದಕ್ಕೊಂದು ಹೊಂದಿಕೊಂಡು ನಿಂತುವು. ಬರಗಾಲಕ್ಕೆ ಹೆದರುತ್ತಿದ್ದ ಸೀಮೆಗೆ ಇದರಿಂದ ಬಂದ ಅಭ್ಯುದಯ ಅಲ್ಲಗಳೆಯಲಾಗದುದು.

ಈ ಬದಲಾವಣೆಯಿಂದ ನೆಲದ ಸಾರದ ಸಂಚಾರವು ಮೂರು ವಿಧದಲ್ಲಿ ವ್ಯತ್ಯಾಸಹೊಂದಿತು. ಮೊದಲನೆಯದಾಗಿ, ಗೊಬ್ಬರದ ಮೂಲವು ಊರಿನ ಹೊರಕ್ಕೆ ಹೋಯಿತು. ಕೆರೆಗೋಡನ್ನೂ ತಿಪ್ಪೆಯನ್ನೂ ಊರೇ ಒದಗಿಸುತ್ತಿತ್ತು. ಮೂಟೆಯ ಗೊಬ್ಬರವು ಹಣಕ್ಕೆ ಬರುವ ಸರಕಾಯಿತು. ಹೊಲದಿಂದ ಕೊಚ್ಚಿಹೋದುದನ್ನು ಹಿಂದಕ್ಕೆ ತರುವ ಅಗತ್ಯ ರೈತನಿಗೆ ಕಾಣದಂತಾಯಿತು.

ಎರಡನೆಯದಾಗಿ, ಬೆಳೆಯ ಹಸಿವು ಹೆಚ್ಚಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸಿನಲ್ಲಿ ನೀರಾವರಿ ಬತ್ತಕ್ಕೆ ಹೆಕ್ಟೇರಿಗೆ ಸಾರಜನಕ ೧೦೦, ರಂಜಕ ೫೦, ಪೊಟ್ಯಾಷು ೫೦ ಕಿಲೋಗ್ರಾಮುಗಳೂ, ಕಬ್ಬಿಗೆ ಕ್ರಮವಾಗಿ ೨೫೦, ೧೦೦, ೧೨೫ ಕಿಲೋಗ್ರಾಮುಗಳೂ ಹೇಳಲ್ಪಟ್ಟಿವೆ. ಹಾಕಿದುದೆಲ್ಲವೂ ಬೆಳೆಗೆ ಸೇರುವುದಿಲ್ಲ. ನೀರು ನಿಲ್ಲಿಸಿ ಬೆಳೆಯುವ ಗದ್ದೆಯಲ್ಲಿ ಸಾರಜನಕದ ಗಣನೀಯ ಭಾಗವು ನೀರಿಗೂ ಗಾಳಿಗೂ ಹೋಗುತ್ತದೆ. ಇದರ ಮೇಲೆ ಬೆಲೆಯ ನೀತಿಯೂ ಸೇರಿತು. ೧೯೭೭ರಿಂದ ಕೇಂದ್ರ ಸರ್ಕಾರವು ರಸಗೊಬ್ಬರಕ್ಕೆ ಸಹಾಯಧನವನ್ನು ವ್ಯವಸ್ಥಿತವಾಗಿ ಕೊಡುತ್ತ ಬಂದಿತು. ೧೯೯೨ರಲ್ಲಿ ರಂಜಕ ಪೊಟ್ಯಾಷುಗಳ ಬೆಲೆಯ ಹತೋಟಿಯನ್ನು ತೆಗೆದು ಯೂರಿಯಾದ್ದನ್ನು ಮಾತ್ರ ಉಳಿಸಿತು. ೨೦೧೦ರ ಪೋಷಕಾಂಶ ಆಧಾರಿತ ಸಹಾಯಧನದ ಪದ್ಧತಿಯಲ್ಲಿಯೂ ಯೂರಿಯಾ ಹೊರಗುಳಿಯಿತು. ಅಗ್ಗವಾದುದನ್ನು ಹೆಚ್ಚು ಬಳಸುವುದು ಮನುಷ್ಯ ಸಹಜ. ಆದುದರಿಂದ ಅತಿಬಳಕೆಯ ಹೊಣೆಯನ್ನು ರೈತನೊಬ್ಬನ ಮೇಲೆಯೇ ಹೊರಿಸುವುದು ಚರಿತ್ರೆಗೆ ಒಪ್ಪದ ಮಾತು.

ಮೂರನೆಯ ವ್ಯತ್ಯಾಸವನ್ನು ಗಮನಿಸಿದವರು ವಿರಳ. ನಮ್ಮ ದೃಷ್ಟಿಯಲ್ಲಿ ಅದೇ ಅತ್ಯಂತ ಮುಖ್ಯವಾದುದು. ನಾಲೆಯ ಬಯಲಿನ ಕೆರೆಗಳಿಗೆ ಮಳೆಯ ನೀರಿನ ಜೊತೆಗೆ ನಾಲೆಯ ನೀರೂ ಮೇಲಿನ ಗದ್ದೆಗಳ ಬಸಿನೀರೂ ಬಂದು ಸೇರತೊಡಗಿದುವು. ಹಾಗೆ ನೀರು ಬರುವ ಕೆರೆ ಬೇಸಗೆಯಲ್ಲಿ ಬತ್ತುವುದಿಲ್ಲ. ಬತ್ತದ ಕೆರೆಯಿಂದ ಗೋಡನ್ನು ತೆಗೆಯುವುದು ಹೇಗೆ? ನೀರಿನ ಸಮೃದ್ಧಿಯೇ ಹೂಳೆತ್ತುವ ಕಾಲವನ್ನು ಪಂಚಾಂಗದಿಂದ ಅಳಿಸಿಹಾಕಿತು. ವರ್ಷವಿಡೀ ಮುಳುಗಿರುವ ಕೆಸರಿಗೆ ಗಾಳಿ ಸೋಕುವುದಿಲ್ಲ. ಅದರಲ್ಲಿರುವ ರಂಜಕವು ಮಾರ್ಟಿಮರನು ತೋರಿಸಿದ ರೀತಿಯಲ್ಲಿ ಮೇಲಕ್ಕೆ ಬರಲು ಸಿದ್ಧವಾಗಿರುತ್ತದೆ. ಹೊಲ, ಹಳ್ಳ, ಕೆರೆ ಎಂಬುವರೆಗೆ ಹಳೆಯ ದಾರಿ ಉಳಿಯಿತು. ಬಂಡಿ ಮಾತ್ರ ನಿಂತುಹೋಯಿತು.

೫. ವಿಶ್ವವಿದ್ಯಾನಿಲಯಗಳ ಸಂಶೋಧನೆ

ಜಲಾಶಯದ ಅತಿಪೋಷಣೆಗೆ ಪರಿಹಾರವುಂಟೆ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟ ಕೀರ್ತಿಯಲ್ಲಿ ದೊಡ್ಡ ಪಾಲು ಅಮೆರಿಕ ಖಂಡದ ಸಂಶೋಧಕರಿಗೆ ಸಲ್ಲತಕ್ಕದ್ದು. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರಕ್ಕೆ ಸುತ್ತಲಿನ ಊರುಗಳ ಶುದ್ಧೀಕರಿಸಿದ ಚರಂಡಿ ನೀರು ಬಂದು ಬೀಳುತ್ತಿತ್ತು. ೧೯೫೫ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಡ್ಮಂಡ್‌ಸನ್ ಮತ್ತು ಅವರ ಸಂಗಡಿಗರು ಅತಿಪೋಷಣೆಯ ಸೂಚಕವಾದ ಒಂದು ಜಾತಿಯ ಪಾಚಿಯನ್ನು ಆ ಸರೋವರದಲ್ಲಿ ಕಂಡರು. ಮುಂದೆ ಆಗಬಹುದಾದುದನ್ನು ಜನರಿಗೆ ತಿಳಿಸಿದರು. ೧೯೫೮ರಲ್ಲಿ ಜನರು ಮತ ಹಾಕಿ ಚರಂಡಿ ನೀರನ್ನು ಬೇರೆಡೆಗೆ ತಿರುಗಿಸಲು ಒಪ್ಪಿದರು. ೧೯೬೩ರಿಂದ ೧೯೬೮ರ ವರೆಗೆ ಆ ಕೆಲಸ ನಡೆಯಿತು. ಒಂದು ಮೀಟರಿನಷ್ಟು ಆಳವೂ ಕಾಣದಂತಿದ್ದ ನೀರು ೧೯೭೦ರ ದಶಕದಲ್ಲಿ ಮೂರು ಮೀಟರಿಗಿಂತ ಹೆಚ್ಚು ಆಳದವರೆಗೆ ತಿಳಿಯಾಯಿತು. ಚರಂಡಿಯ ನೀರು ಶುದ್ಧೀಕರಣದ ಘಟಕವನ್ನು ಹಾದು ಬಂದಿದ್ದರೂ ಅದರಲ್ಲಿನ ರಂಜಕ ಉಳಿದೇ ಇದ್ದಿತೆಂಬ ಅಂಶವನ್ನು ನಾವು ಇಲ್ಲಿ ಗುರುತಿಟ್ಟುಕೊಳ್ಳಬೇಕು.

೧೯೬೮ರಲ್ಲಿ ವೊಲೆನ್‌ವೈಡರನು ಒಂದು ಸರೋವರಕ್ಕೆ ವರ್ಷದಲ್ಲಿ ಬಂದು ಬೀಳುವ ಪೋಷಕಾಂಶದ ಹೊರೆಗೂ ಅದರ ಆಳಕ್ಕೂ ಪಾಚಿಗೂ ಇರುವ ಸಂಬಂಧವನ್ನು ವರದಿಯೊಂದರಲ್ಲಿ ಕ್ರಮಪಡಿಸಿದನು. ೧೯೭೩ರಲ್ಲಿ ಕೆನಡಾದ ಶಿಂಡ್ಲರ್ ಮತ್ತು ಸಂಗಡಿಗರು ೨೨೬ನೆಯ ಸಂಖ್ಯೆಯ ಸಣ್ಣ ಸರೋವರವೊಂದನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಸಾರಜನಕಗಳನ್ನು ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗವು ಹಸಿರಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಹೊರೆಯನ್ನು ಮೂಲದಲ್ಲಿಯೇ ಕಡಿಮೆ ಮಾಡದೆ ಪಾಚಿಯೊಡನೆ ಹೋರಾಡುವುದು ವ್ಯರ್ಥವೆಂಬುದು ಈ ಸಂಶೋಧನೆಗಳ ಒಟ್ಟು ಸಾರ.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನ ಕೆಲಸ ನಡೆಯದೆ ಇಲ್ಲ. ೧೮೬೪ರಲ್ಲಿ ನಿರ್ಮಿತವಾಗಿ ಈಗ ಮಾನಸಗಂಗೋತ್ರಿಯ ನೆರೆಯಲ್ಲಿರುವ ಕುಕ್ಕರಹಳ್ಳಿ ಕೆರೆಯ ಪಾಚಿಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ೨೦೧೫ರಲ್ಲಿ ಎದ್ದ ನೊರೆಯೂ, ೨೦೧೭ ಮತ್ತು ೨೦೧೮ರಲ್ಲಿ ಹತ್ತಿದ ಬೆಂಕಿಯೂ ದೇಶಕ್ಕೆಲ್ಲ ಗೊತ್ತಾದುವು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರೂ ಅವರ ಸಂಗಡಿಗರೂ ಆ ಕೆರೆಗೆ ಹರಿಯುವ ಚರಂಡಿ ನೀರನ್ನೂ ಮಾರ್ಜಕಗಳ ರಂಜಕವನ್ನೂ ಕಾರಣವೆಂದು ಎತ್ತಿ ತೋರಿಸಿದರು. ಅದೇ ತಂಡವು ಜಕ್ಕೂರು ಕೆರೆಯಲ್ಲಿ ಬೇರೊಂದು ಸ್ಥಿತಿಯನ್ನು ಕಂಡಿತು. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗುಪ್ರದೇಶವನ್ನು ಹಾದು ಕೆರೆಗೆ ಸೇರುತ್ತದೆ. ಪೋಷಕಾಂಶಗಳ ಗಣನೀಯ ಭಾಗವನ್ನು ಜೊಂಡೂ ಪಾಚಿಯೂ ಹೀರಿಕೊಳ್ಳುತ್ತವೆ. ಆದರೆ ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಅಲ್ಲಿಯೇ ಕೊಳೆತು ಹೀರಿದುದನ್ನೆಲ್ಲ ಮತ್ತೆ ನೀರಿಗೆ ಬಿಡುತ್ತದೆ. ಗೋಡಿನ ಬಂಡಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಕುಡುಗೋಲು ಮಾಡಬೇಕಾಗಿದೆ.

ಶಿವಪುರಕ್ಕೆ ಇನ್ನೂ ಹತ್ತಿರದ ನಿದರ್ಶನ ಬಿಡದಿಯ ಬಳಿಯ ಬೈರಮಂಗಲದ ಜಲಾಶಯ. ವೃಷಭಾವತಿಗೆ ಅಡ್ಡಲಾಗಿ ೧೯೪೦ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಈ ಜಲಾಶಯವು ಬೆಂಗಳೂರು ಬೆಳೆದಂತೆ ಅದರ ಚರಂಡಿ ನೀರಿನ ತಂಗುದಾಣವಾಯಿತು. ಅದರ ಕೆಳಗಿನ ರೈತರಲ್ಲಿ ಹಲವರು ಬತ್ತವನ್ನು ಬಿಟ್ಟು ಹಿಪ್ಪುನೇರಳೆ, ಮೇವಿನ ಹುಲ್ಲು, ಎಳೆಜೋಳಗಳ ಕಡೆಗೆ ತಿರುಗಿದರು. ಸಾರಜನಕ ಮಿತಿಮೀರಿದರೆ ಬತ್ತವು ಸೊಪ್ಪಾಗಿ ಬೆಳೆದು ಬೀಳುವುದೇ ಹೊರತು ಕಾಳು ಕಟ್ಟುವುದಿಲ್ಲ. ಹಸಿರನ್ನೇ ಮಾರುವ ಬೆಳೆಗೆ ಆ ನೀರು ಗೊಬ್ಬರವಾಗುತ್ತದೆ. ಕೊಳಕು ನೀರಿನಲ್ಲಿಯೂ ಸಾರವನ್ನು ಗುರುತಿಸಿದ ಆ ರೈತರ ವಿವೇಕ ಮೆಚ್ಚತಕ್ಕದ್ದು. ಆದರೆ ಕಾರ್ಖಾನೆಗಳ ಭಾರಲೋಹಗಳೂ ಅದೇ ನೀರಿನಲ್ಲಿ ಬರುವುದರಿಂದ, ಅದನ್ನು ಕೆರೆಗೋಡಿನ ಹಳೆಯ ಸುತ್ತಿಗೆ ಸಮಾನವೆಂದು ಎಣಿಸುವಂತಿಲ್ಲ. ೨೦೧೮ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಶುದ್ಧೀಕೃತ ನೀರನ್ನು ತುಂಬ ತೊಡಗಿದಾಗಲೂ ಎದ್ದ ವಾದದ ತಿರುಳು ಇದೇ. ಎರಡನೆಯ ಹಂತದ ಶುದ್ಧೀಕರಣವು ಕೊಳಕನ್ನು ತೆಗೆದರೂ ಸಾರಜನಕ ರಂಜಕಗಳನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ಬರದ ನಾಡಿಗೆ ನೀರು ಬಂದುದು ದೊಡ್ಡ ಉಪಕಾರವೇ ಸರಿ. ಆ ನೀರು ಹೊತ್ತು ತರುವ ಸಾರವನ್ನು ಕೆರೆಯಿಂದ ಹೊರಕ್ಕೆ ಒಯ್ಯುವವರು ಯಾರೆಂಬುದು ಉಳಿದ ಪ್ರಶ್ನೆ.

೬. ಹಕ್ಕು ಮತ್ತು ಹೊಣೆ

ಈಗ ಮತ್ತೆ ಶಿಂಷೆಯ ಬಯಲಿಗೆ ಬರೋಣ. ಕಾವೇರಿಯ ನೀರನ್ನು ಕುರಿತು ನಮ್ಮಲ್ಲಿ ಇರುವಷ್ಟು ದಾಖಲೆಗಳು ಬಹುಶಃ ಬೇರಾವ ನದಿಗೂ ಇಲ್ಲ. ೧೮೯೨ ಮತ್ತು ೧೯೨೪ರ ಒಪ್ಪಂದಗಳು, ೨೦೦೭ರ ನ್ಯಾಯಮಂಡಲಿಯ ಐತೀರ್ಪು, ಕರ್ನಾಟಕವು ತಮಿಳುನಾಡಿಗೆ ಬಿಡಬೇಕಾದ ನೀರನ್ನು ೧೭೭.೨೫ ಟಿ.ಎಂ.ಸಿ. ಎಂದು ಗೊತ್ತುಮಾಡಿದ ೨೦೧೮ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವೆಲ್ಲವುಗಳ ತಿರುಳು ನೀರಿನ ಗಾತ್ರದ ಹಂಚಿಕೆ. ಆ ಗಾತ್ರದೊಡನೆ ಗದ್ದೆಗಳ ಸಾರಜನಕವೂ ಊರುಗಳ ರಂಜಕವೂ ಹರಿದುಹೋಗುತ್ತವೆ. ೧೯೩೪ರಲ್ಲಿ ಪೂರ್ಣವಾದ ಮೆಟ್ಟೂರಿನ ಜಲಾಶಯವು ಕಾವೇರಿಯ ದಾರಿಯಲ್ಲಿ ಮುಂದಿನ ದೊಡ್ಡ ತಂಗುದಾಣ; ಅದರ ಹಿನ್ನೀರಿನಲ್ಲಿ ಈಚಿನ ವರ್ಷಗಳಲ್ಲಿ ಪಾಚಿ ಕಟ್ಟಿ ದುರ್ವಾಸನೆ ಹಬ್ಬಿದ ವರದಿಗಳು ಬಂದಿವೆ. ಅದಕ್ಕೆ ದಾರಿಯುದ್ದಕ್ಕೂ ಎರಡು ರಾಜ್ಯಗಳ ಊರುಗಳೂ ಹೊಲಗಳೂ ತಮ್ಮ ತಮ್ಮ ಪಾಲನ್ನು ಸೇರಿಸುತ್ತವೆ. ಹನಿಹನಿಗೆ ವಾದಿಸಿದ ನಾವು ಹನಿಯೊಳಗಿನ ಸಾರಕ್ಕೆ ಒಡೆಯರಿಲ್ಲವೆಂಬಂತೆ ನಡೆದುಕೊಂಡಿದ್ದೇವೆ.

ಚರಿತ್ರೆಯ ದೃಷ್ಟಿಯಿಂದ ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ೧೯೩೦ರ ದಶಕದ ಮೊದಲಲ್ಲಿ ಇರ್ವಿನ್ ನಾಲೆಯ ರೈತರು ನೀರಿನ ದರವನ್ನೂ ಸರ್ಕಾರ ವಿಧಿಸಿದ ಬ್ಲಾಕು ಪದ್ಧತಿಯ ನಿಬಂಧನೆಗಳನ್ನೂ ವಿರೋಧಿಸಿ ಚಳವಳಿ ಹೂಡಿದರು. ಕೆಲವೇ ವರ್ಷಗಳ ಅನಂತರ ಇದೇ ಬಯಲಿನ ಶಿವಪುರದಲ್ಲಿ ಧ್ವಜ ಏರಿತು. ನೀರು ಯಾರದು, ರಾಜ್ಯ ಯಾರದು ಎಂಬ ಎರಡು ಪ್ರಶ್ನೆಗಳು ಆ ತಲೆಮಾರಿನವರನ್ನು ಹೋರಾಟಕ್ಕೆ ಎಳೆದುವು. ಎರಡಕ್ಕೂ ಉತ್ತರ ದೊರೆಯಿತು. ನೀರಿಗೆ ಬಿಟ್ಟುದರ ಹೊಣೆ ಯಾರದು ಎಂಬ ಮೂರನೆಯ ಪ್ರಶ್ನೆ ಆಗ ಹುಟ್ಟುವ ಸಂದರ್ಭವೇ ಇರಲಿಲ್ಲ. ಕೆರೆಯ ಕಾಲದಲ್ಲಿ ಆ ಹೊಣೆ ಊರಿನದಾಗಿದ್ದಿತು. ನಾಲೆಯ ಕಾಲದಲ್ಲಿ ನೀರಿನ ಆಡಳಿತವನ್ನು ಇಲಾಖೆ ವಹಿಸಿಕೊಂಡಿತು, ಗೋಡಿನ ಆಡಳಿತವನ್ನು ಯಾರೂ ವಹಿಸಿಕೊಳ್ಳಲಿಲ್ಲ.

ಈ ಹೊಣೆಯನ್ನು ಈಗ ಹೊರುವ ಬಗೆಯನ್ನು ಕುರಿತು ಮೂರು ಸೂಚನೆಗಳನ್ನು ಮುಂದಿಡುತ್ತೇವೆ. ಒಂದನೆಯದು, ಮಣ್ಣಿನ ಪರೀಕ್ಷೆಗೆ ತಕ್ಕಂತೆ ಗೊಬ್ಬರ ಹಾಕುವುದು. ೨೦೧೫ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಯ ಯೋಜನೆಗೆ ನೀರಿನ ರಕ್ಷಣೆಯ ಗುರಿಯನ್ನೂ ಸೇರಿಸಬೇಕು. ಮಂಡ್ಯದಲ್ಲಿಯೇ ಇರುವ ಕೃಷಿ ಕಾಲೇಜು ಇದಕ್ಕೆ ತಕ್ಕ ಸ್ಥಳ. ಎರಡನೆಯದು, ಚರಂಡಿಯೂ ಬಸಿನೀರೂ ಕೆರೆಯನ್ನು ಸೇರುವ ಮುಖದಲ್ಲಿ ಜೌಗುಪ್ರದೇಶವನ್ನು ಉಳಿಸಿ ಅದರ ಜೊಂಡನ್ನು ಕ್ರಮವಾಗಿ ಕೊಯ್ಯುವುದು. ಮೂರನೆಯದು, ನಾಲೆಯ ಬಯಲಿನ ಕೆರೆಗಳನ್ನು ಸರದಿಯ ಮೇಲೆ ಒಂದೊಂದು ಬೇಸಗೆಯಲ್ಲಿ ಬತ್ತಿಸಿ, ಹೂಳನ್ನು ಭಾರಲೋಹಗಳಿಗಾಗಿ ಪರೀಕ್ಷಿಸಿ, ಯೋಗ್ಯವಾದುದನ್ನು ನ್ಯಾಯವಾದ ಕೂಲಿಕೊಟ್ಟು ಮಳೆಯಾಶ್ರಯದ ಹೊಲಗಳಿಗೆ ಸಾಗಿಸುವುದು. ಹೂಳನ್ನು ಏರಿಯ ಮಗ್ಗುಲಲ್ಲಿಯೇ ರಾಶಿಹಾಕುವ ಗುತ್ತಿಗೆಯ ಕೆಲಸದಿಂದ ಈ ಪ್ರಯೋಜನ ಲಭಿಸದು; ಮೊದಲ ಮಳೆಗೆ ಅದು ಮತ್ತೆ ಕೆರೆಗೇ ಇಳಿಯುತ್ತದೆ.

ಇತಿಹಾಸ ವಿಭಾಗದವರಾದ ನಮಗೂ ಇದರಲ್ಲಿ ಕೆಲಸವುಂಟು. ಯಾವ ಕೆರೆಗೆ ಯಾವಾಗ ನಾಲೆಯ ನೀರು ಬಂದಿತು, ಯಾವ ಕೆರೆ ಎಂದಿನವರೆಗೆ ಬೇಸಗೆಯಲ್ಲಿ ಬತ್ತುತ್ತಿತ್ತು, ಗೋಡು ಹೊಡೆಯುವ ಹಕ್ಕು ಯಾರಿಗಿತ್ತು, ಹೊಡೆದವರಿಗೆ ಏನು ದೊರೆಯುತ್ತಿತ್ತು ಎಂಬ ವಿವರಗಳು ಶಾಸನಗಳಲ್ಲಿ, ಇನಾಮಿನ ಕಡತಗಳಲ್ಲಿ, ಇಲಾಖೆಯ ಹಳೆಯ ಕಾಗದಪತ್ರಗಳಲ್ಲಿ, ಮುಖ್ಯವಾಗಿ ಬಂಡಿ ಹೊಡೆದ ಕೊನೆಯ ತಲೆಮಾರಿನ ನೆನಪಿನಲ್ಲಿ ಚದರಿಹೋಗಿವೆ. ಕೆಸರಿನ ಪದರಗಳನ್ನು ಅಳೆಯುವ ರಸಾಯನಶಾಸ್ತ್ರಜ್ಞನಿಗೆ ಆ ಪದರಗಳ ಕಾಲವನ್ನು ತಿಳಿಯಲು ಇವು ನೆರವಾಗಬಲ್ಲವು. ಮದ್ದೂರು ಮಳವಳ್ಳಿ ಸೀಮೆಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಒಂದೊಂದು ಕೆರೆಯನ್ನು ಆರಿಸಿಕೊಂಡು ಈ ವಿವರಗಳನ್ನು ಸಂಗ್ರಹಿಸತೊಡಗಿದರೆ, ಕೆಲವು ವರ್ಷಗಳಲ್ಲಿ ಶಿಂಷಾ ಬಯಲಿನ ಕೆರೆಗಳ ಪ್ರಮಾಣಬದ್ಧವಾದ ಚರಿತ್ರೆಯೊಂದು ಸಿದ್ಧವಾದೀತು. ನೆನಪುಳ್ಳ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.